ಅಡುಗೆಮನೆಗೂ ಒಂದು ದಿನ ರಜೆ

ಮಳೆಗಾಲ ಕಳೆದು ಚಳಿ ಕಾಲಿಡುವ ಮೊದಲು ನಮ್ಮ ಕರಾವಳಿಗೆ ಬರುವ ಚೆಲುವೇ ಬೇರೆ. ಏಣೆಲು ಗದ್ದೆಗಳು ಹಸಿರಿನಿಂದ ಹಳದಿಗೆ ತಿರುಗಿ ಕೊಯ್ಲಿಗೆ ನಿಂತಿರುತ್ತವೆ. ಪಾಚಿ ಹಿಡಿದ ಅಂಗಳವನ್ನು ಕೆರೆದು, ಹದಗೊಳಿಸಿ, ಅಡಿಕೆ ಒಣಗಿಸಲು ಸಿದ್ಧ ಮಾಡುತ್ತಾರೆ. ತೋಡಿನಲ್ಲಿ ನೀರು ತಿಳಿಯಾಗಿ ಹರಿಯುತ್ತದೆ, ಬಾವಿ ಕೈಗೆಟುಕುವಷ್ಟು ತುಂಬಿರುತ್ತದೆ. ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದು ಎರಡು-ಮೂರು ತಿಂಗಳು ಕಳೆದಿರುವುದರಿಂದ ಬಂಗುಡೆ, ಬೂತಾಯಿ ಮನೆಬಾಗಿಲಿಗೇ ಬರುತ್ತವೆ.

ಮುಂಬೈ, ಠಾಣೆ, ಮುಂಬ್ರಾ ಕಡೆ ನೆಲೆಸಿರುವ ನಮ್ಮಂತಹ ಕರಾವಳಿಯ ಕುಟುಂಬಗಳಿಗೆ ಊರಿಗೆ ಹೋಗಲು ವರ್ಷದಲ್ಲಿ ಸಿಗುವುದು ಎರಡೇ ಅವಕಾಶ. ಒಂದು ಬೇಸಿಗೆ ರಜೆ, ಇನ್ನೊಂದು ಮಹಾರಾಷ್ಟ್ರದ ಶಾಲೆಗಳಿಗೆ ಸಿಗುವ ದೀಪಾವಳಿ ರಜೆ. ಮೇ ತಿಂಗಳಲ್ಲಿ ಹೋದರೆ ಮಾವು, ಹಲಸಿನ ಸುಖವಿದೆ ನಿಜ. ಆದರೆ ದಿನಕ್ಕೆರಡು ಮದುವೆ, ಮೈ ಸುಡುವ ಸೆಕೆ, ತಳ ಕಾಣುವ ಬಾವಿ. ಆದ್ದರಿಂದ 2024ರಲ್ಲಿ ನಾವು ಬೇಸಿಗೆಯನ್ನು ಬಿಟ್ಟು ಅಕ್ಟೋಬರ್ ಕೊನೆಯಲ್ಲಿ ಹನ್ನೆರಡು ದಿನಗಳ ಮಟ್ಟಿಗೆ ಊರಿಗೆ ಹೊರಟೆವು. ಗಂಡನ ಮನೆ ಬೆಳ್ತಂಗಡಿಯ ಕಡೆ. ನನ್ನ ತವರು ಉಳ್ಳಾಲ.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ನೋಡಿದ ಊರುಗಳ ಬಗ್ಗೆ ಮಾತ್ರವಲ್ಲ. ಊರಿಗೆ ಹೋಗುವವರಿಗೆ ಅದು ರಜೆ. ಊರಿನಲ್ಲಿರುವ ಹೆಂಗಸರಿಗೆ ಅದೇ ದಿನಗಳು ವರ್ಷದ ಅತಿ ಹೆಚ್ಚು ದುಡಿಮೆಯ ದಿನಗಳು. ಈ ಎರಡರ ನಡುವೆ ಒಂದು ನ್ಯಾಯವಾದ ಹಂಚಿಕೆ ಸಾಧ್ಯವೇ ಎಂಬುದೇ ನಮ್ಮ ಮುಂದಿದ್ದ ಪ್ರಶ್ನೆ.

ಅಕ್ಕನ ಒಂದು ಫೋನು

ಹೊರಡುವ ಒಂದು ತಿಂಗಳ ಮೊದಲು ಓರಗಿತ್ತಿಗೆ ಫೋನ್ ಮಾಡಿದ್ದೆ. ನನ್ನ ಗಂಡನ ಅಣ್ಣನ ಹೆಂಡತಿ ಅವರು, ನಾನು ಅಕ್ಕ ಎಂದೇ ಕರೆಯುವುದು. ಮದುವೆಯಾಗಿ ಆ ಮನೆಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಅತ್ತೆಯ ಮಂಡಿನೋವು, ಭಾವನ ಅಂಗಡಿಯ ಬುತ್ತಿ, ಇಬ್ಬರು ಹೆಣ್ಣುಮಕ್ಕಳ ಶಾಲೆ, ಎರಡು ಹಸು ಎಲ್ಲವೂ ಅವರ ಕೈಯಲ್ಲೇ. ನಾವು ಬರುವ ಸುದ್ದಿ ಕೇಳಿ ತುಂಬ ಖುಷಿಪಟ್ಟರು. ಕೊನೆಗೆ ನಗುತ್ತಾ, "ನೀವು ಬರುವುದು ಸಂತೋಷವೇ. ಆದರೆ ಯಾವ ದಿನ ಎಷ್ಟು ಜನ ಊಟಕ್ಕೆ ಎಂದು ಮೊದಲೇ ಹೇಳಿಬಿಡು. ಅಕ್ಕಿ ನೆನೆ ಹಾಕಬೇಕಲ್ಲ" ಎಂದರು.

ಅದರಲ್ಲಿ ದೂರು ಇರಲಿಲ್ಲ. ಆದರೂ ಆ ಮಾತು ನನ್ನೊಳಗೆ ಉಳಿಯಿತು. ಪರವೂರಿನಿಂದ ಒಂದು ಕುಟುಂಬ ಬಂದಿಳಿದರೆ ಆ ಮನೆಯ ಅಡುಗೆಮನೆಯಲ್ಲಿ ಏನಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಹತ್ತು ಜನರಿಗೆ ನೀರುದೋಸೆ ಎಂದರೆ ಕನಿಷ್ಠ ಐವತ್ತು ದೋಸೆ, ಒಂದೊಂದಾಗಿ ಹೊಯ್ದು ತೆಗೆಯಬೇಕು. ಮಧ್ಯಾಹ್ನಕ್ಕೆ ಮೀನು ಕೊಯ್ದು ತೊಳೆದು ಸಾರು, ಫ್ರೈ. ನಮ್ಮನ್ನು ನೋಡಲು ಬರುವ ನೆಂಟರಿಗೆ ನಾಲ್ಕೈದು ಸಲ ಚಹಾ. ಯಾರಾದರೂ "ಇಲ್ಲೇ ಊಟ ಮಾಡಿ ಹೋಗಿ" ಎಂದರೆ ರಾತ್ರಿಗೆ ತುಪ್ಪದನ್ನ, ಕೋಳಿ. ನಾವು ಸಂಜೆ ತಿರುಗಾಟಕ್ಕೆ ಹೋಗಿ ಬರುವಾಗಲೂ ಬಿಸಿಬಿಸಿ ಊಟ ಸಿದ್ಧವಿರುತ್ತದೆ. ಅದನ್ನು ಬೇಯಿಸಿದವರು ಆ ದಿನ ಮನೆಯಂಗಳ ದಾಟಿರುವುದಿಲ್ಲ.

ಈ ಬಗ್ಗೆ ನಾವು ಗಂಡ-ಹೆಂಡತಿ ಕುಳಿತು ಮಾತಾಡಿ ಮೂರು ವಿಷಯ ನಿಶ್ಚಯಿಸಿದೆವು. ಒಂದು, ಎಲ್ಲಿಗೆ ಹೋದರೂ ಮನೆಯ ಹೆಂಗಸರನ್ನು ಬಿಟ್ಟು ಹೋಗುವುದಿಲ್ಲ. ಎರಡು, ತಿರುಗಾಟದ ದಿನ ಮನೆಯಲ್ಲಿ ಒಲೆ ಹಚ್ಚುವ ಕೆಲಸ ಹೆಂಗಸರದ್ದಲ್ಲ. ಮೂರು, ನೆಂಟರ ಮನೆಗಳಿಗೆ ನಾವೇ ಹೋಗುವುದು, ಅವರೆಲ್ಲ ನಮ್ಮಲ್ಲಿಗೆ ಬರಲಿ ಎಂದು ಕಾಯುವುದಲ್ಲ. ಭಾವನಿಗೆ ಇವರೇ ಫೋನ್ ಮಾಡಿ ತಿಳಿಸಿದರು. ಅವರು ಮೊದಲು ನಕ್ಕರು, ಆಮೇಲೆ "ಗಂಜಿ ಬೇಯಿಸಲು ನನಗೂ ಬರುತ್ತದೆ" ಎಂದರಂತೆ.

ಸುರಂಗಗಳ ಲೆಕ್ಕ

ನಮ್ಮ ಹಿರಿಯರ ಕಾಲದಲ್ಲಿ ಮುಂಬೈಯಿಂದ ಮಂಗಳೂರಿಗೆ ಬರುವುದೆಂದರೆ ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ ಕುಲುಕಾಡುವುದು. ಮಕ್ಕಳಿಗೆ ವಾಂತಿ, ದೊಡ್ಡವರಿಗೆ ಸೊಂಟನೋವು. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದ ಮೇಲೆ ಆ ಕಷ್ಟ ತಪ್ಪಿತು. ಮಹಾರಾಷ್ಟ್ರದ ರೋಹಾದಿಂದ ನಮ್ಮ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಈ ಹಾದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳಿವೆ. ರತ್ನಾಗಿರಿ ಬಳಿಯ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್ ಉದ್ದ. ಹೊನ್ನಾವರದಲ್ಲಿ ಶರಾವತಿಯನ್ನು ದಾಟುವ ಸೇತುವೆ ಎರಡು ಕಿಲೋಮೀಟರಿಗಿಂತಲೂ ಉದ್ದವಿದೆ.

ಮಧ್ಯಾಹ್ನದ ಮೇಲೆ ಠಾಣೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದೆವು. ಪನ್ವೇಲ್ ದಾಟಿದ ಮೇಲೆ ಎರಡೂ ಬದಿಯಲ್ಲಿ ಭತ್ತದ ಗದ್ದೆ. ಎಂಟನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳೆಯುತ್ತಿರುವ ನನ್ನ ಮಕ್ಕಳು ಕಿಟಕಿಗೆ ಮುಖ ಅಂಟಿಸಿ ಸುರಂಗ ಎಣಿಸತೊಡಗಿದರು. ಮೂವತ್ತರ ಆಸುಪಾಸಿನಲ್ಲಿ ಇಬ್ಬರ ಲೆಕ್ಕವೂ ಬೇರೆ ಬೇರೆಯಾಗಿ ಜಗಳ ಶುರುವಾಯಿತು, ಮತ್ತೆ ನಿದ್ದೆ ಬಂತು. ಬೆಳಕು ಹರಿಯುವಾಗ ತೆಂಗಿನ ತೋಟಗಳೂ, ಹೆಂಚಿನ ಮಾಡುಗಳೂ ಕಾಣಿಸಿಕೊಂಡವು.

ಈ ಹಾದಿಯಲ್ಲಿ ಬರುವವರು ಒಂದು ವಿಷಯ ತಿಳಿದಿರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯದಿಂದ ಕೊಂಕಣ ರೈಲ್ವೆ ಗಾಡಿಗಳ ವೇಗ ತಗ್ಗಿಸಿ ಬೇರೆಯೇ ವೇಳಾಪಟ್ಟಿ ಹಾಕುತ್ತದೆ. 2024ರಲ್ಲಿ ಅದು ಅಕ್ಟೋಬರ್ 31ರ ವರೆಗೂ ಇತ್ತು. ಆದ್ದರಿಂದ ಈ ದಿನಗಳಲ್ಲಿ ಟಿಕೇಟು ಮಾಡುವಾಗ ಹೋಗುವ ಮತ್ತು ಬರುವ ಎರಡೂ ಹೊತ್ತನ್ನು ನೋಡಿಕೊಳ್ಳಬೇಕು. ಮುಂಗಡ ಕಾಯ್ದಿರಿಸುವ ಅವಧಿಯೂ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ.

ಮೊದಲು ಮನೆಗಳು, ಮತ್ತೆ ಬೆಟ್ಟ-ಕಡಲು

ಊರಿಗೆ ಮುಟ್ಟಿದ ಮೊದಲ ಮೂರು ದಿನ ಎಲ್ಲಿಗೂ ತಿರುಗಾಟ ಇಟ್ಟುಕೊಳ್ಳಲಿಲ್ಲ. ಬೆಳಿಗ್ಗೆ ಮನೆ, ಅಸರ್ ನಮಾಝಿನ ನಂತರ ನೆಂಟರ ಮನೆ. ಹೀಗೆ ಮಾಡಿದ್ದರಿಂದ ಒಂದು ಲಾಭವಾಯಿತು. ಹೊರಡುವ ಹಿಂದಿನ ದಿನ ಓಡೋಡಿ ಹತ್ತು ಮನೆಗೆ ಮುಖ ತೋರಿಸುವ ಅವಸ್ಥೆ ಬರಲಿಲ್ಲ.

ಊರಿನಲ್ಲಿ ನೆಂಟರನ್ನು ಕಾಣುವುದಕ್ಕೂ ಒಂದು ಕ್ರಮ ಇದೆ. ನಾವಿಲ್ಲದಾಗ ಮರಣ ನಡೆದ ಮನೆಗೆ ಮೊದಲು ಹೋಗಬೇಕು. ಎರಡನೆಯದು ಕಾಯಿಲೆಯವರಿರುವ ಮನೆ. ಆ ಬಳಿಕ ಹೊಸ ಮಗು ಹುಟ್ಟಿದ ಮನೆ, ಹೊಸ ಮದುಮಗಳು ಬಂದ ಮನೆ. ಅತ್ತೆ ಈ ಪಟ್ಟಿಯನ್ನು ಬಾಯಲ್ಲೇ ಹೇಳಿದರು, ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ಯಾರು ಯಾರಿಗೆ ಏನಾಗಬೇಕು ಎಂಬುದೂ ಅದರಲ್ಲಿ ಸೇರಿತು. ಮುಂಬೈಯಲ್ಲಿ ಎಲ್ಲರೂ ಅವಳಿಗೆ ಅಂಕಲ್, ಆಂಟಿ. ಇಲ್ಲಿ ಒಂದೇ ಬೀದಿಯಲ್ಲಿ ಮೂವರು ಮಾಮಿಯರು, ಇಬ್ಬರು ಅಜ್ಜಿಯರು ಸಿಕ್ಕಿದ್ದು ಅವಳಿಗೆ ದೊಡ್ಡ ಅಚ್ಚರಿ.

ಕೈಯಲ್ಲಿ ಏನು ಕೊಂಡೊಯ್ಯುವುದು ಎಂಬುದು ಹೆಂಗಸರ ದೊಡ್ಡ ತಲೆಬಿಸಿ. ಪರವೂರಿನಿಂದ ಬಂದವರು ಎಂದರೆ ಚೀಲ ತುಂಬಿ ಬಂದಿರಬೇಕು ಎಂಬ ನಿರೀಕ್ಷೆ ಇದ್ದೇ ಇರುತ್ತದೆ. ಒಬ್ಬರಿಗೆ ಸೀರೆ, ಇನ್ನೊಬ್ಬರಿಗೆ ಬರೀ ಬಿಸ್ಕತ್ತು ಎಂದಾದರೆ ಅದೇ ಒಂದು ಮಾತಾಗುತ್ತದೆ. ನಾವು ಎಲ್ಲ ಮನೆಗೂ ಒಂದೇ ಬಗೆಯ ಕಟ್ಟು ಒಯ್ದೆವು. ಮಾಹಿಮಿನ ಹಲ್ವದ ಒಂದು ಪೊಟ್ಟಣ, ನಾನ್‌ಖಟಾಯಿಯ ಒಂದು ಪೊಟ್ಟಣ. ಸಿರಿವಂತರ ಮನೆಗೂ ಅದೇ, ಬಡವರ ಮನೆಗೂ ಅದೇ. ನಿಜವಾಗಿ ಹಣದ ಅಗತ್ಯವಿದ್ದ ಒಂದೆರಡು ಮನೆಗಳಿಗೆ ಕೊಡಬೇಕಾದುದನ್ನು ಇವರು ಬೇರೆಯಾಗಿ, ಯಾರಿಗೂ ತಿಳಿಯದಂತೆ ಕೊಟ್ಟರು.

ಪಟ್ಟಿಯಲ್ಲಿ ಒಂದು ಮನೆ ಕಷ್ಟದ್ದಿತ್ತು. ಇವರ ಚಿಕ್ಕಪ್ಪನ ಮನೆ. ಜಾಗ ಪಾಲಾಗುವಾಗ ಬಾವಿಯ ಕಡೆಯ ಒಂದು ತುಂಡು ಭೂಮಿಯ ವಿಷಯದಲ್ಲಿ ಮಾತು ಬೆಳೆದು ಆರು ವರ್ಷಗಳಿಂದ ಹೋಗಿಬರುವುದು ನಿಂತಿತ್ತು. ಎರಡು ಮನೆಗಳ ನಡುವೆ ಇರುವುದು ಒಂದು ತೋಡು ಮಾತ್ರ. ಸಂಬಂಧ ಇಟ್ಟುಕೊಂಡವರೊಡನೆ ಸಂಬಂಧ ಇಟ್ಟುಕೊಳ್ಳುವುದು ದೊಡ್ಡದಲ್ಲ, ಮುರಿದವರೊಡನೆ ಜೋಡಿಸುವುದೇ ನಿಜವಾದ ಜೋಡಣೆ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತಿರುವುದೇ. ಗೊತ್ತಿರುವುದು ಸುಲಭ, ಆ ತೋಡು ದಾಟುವುದು ಕಷ್ಟ. ಇವರು ಮಕ್ಕಳಿಬ್ಬರನ್ನೂ ಕರೆದುಕೊಂಡು ಸಲಾಮ್ ಹೇಳಿ ಒಳಗೆ ಹೋದರು. ಹಿಂದೆ ನಾನು, ಅಕ್ಕ. ಚಿಕ್ಕಪ್ಪ ಸಲಾಮಿಗೆ ಉತ್ತರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಚಿಕ್ಕಮ್ಮ ಒಳಗಿನಿಂದ ಬಂದು ಮಗಳ ಕೈ ಹಿಡಿದು, "ಇವಳಿಗೆ ಅಜ್ಜಿಯದೇ ಮೂಗು" ಎಂದರು. ಚಹಾ ಬಂತು. ಭೂಮಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅದು ಬಗೆಹರಿದಿದೆ ಎಂದು ನಾನು ಹೇಳುವುದಿಲ್ಲ. ಆದರೆ ನಾವು ಮುಂಬೈಗೆ ಮರಳುವ ದಿನ ಚಿಕ್ಕಮ್ಮ ಒಂದು ಬಾಟ್ಲಿ ಮಾವಿನಕಾಯಿ ಉಪ್ಪಿನಕಾಯಿ ಕೊಟ್ಟು ಕಳುಹಿಸಿದರು.

ಅಂಗಳದಿಂದ ಕಾಣುವ ಬೆಟ್ಟ

ಬೆಳ್ತಂಗಡಿಯ ಯಾವ ಮೂಲೆಯಿಂದ ನೋಡಿದರೂ ಗಡಾಯಿಕಲ್ಲು ಕಾಣುತ್ತದೆ. ನೆಲದಿಂದ ನೇರ ಎದ್ದು ನಿಂತ ಬೋಳು ಕರಿಬಂಡೆ. ಇದರ ಮೇಲೆ ಟಿಪ್ಪು ಸುಲ್ತಾನರು 1794ರಲ್ಲಿ ಕಟ್ಟಿಸಿದ ಜಮಲಾಬಾದ್ ಕೋಟೆ ಇದೆ. ಇದಕ್ಕೂ ಮೊದಲು ನರಸಿಂಹಗಡ ಎಂಬ ಹಳೆಯ ಕೋಟೆ ಇಲ್ಲಿತ್ತು. ಹೊಸ ಹೆಸರನ್ನು ಟಿಪ್ಪು ತನ್ನ ತಾಯಿ ಜಮಾಲಾಬಿಯ ನೆನಪಿಗೆ ಇಟ್ಟದ್ದು ಎಂದು ಊರಿನ ಪ್ರತೀತಿ. ಇತಿಹಾಸದ ಪುಸ್ತಕಗಳಲ್ಲಿ ತಾಯಿಯ ಹೆಸರು ಫಾತಿಮಾ ಫಖ್ರುನ್ನಿಸಾ ಎಂದು ಕಾಣುತ್ತದೆ. ಹೇಗಿದ್ದರೂ ನಮ್ಮ ಕಡೆಯ ಜನ ಆ ಬೆಟ್ಟವನ್ನು ಒಬ್ಬ ತಾಯಿಯ ಹೆಸರಿನ ಬೆಟ್ಟ ಎಂದೇ ಮಕ್ಕಳಿಗೆ ತೋರಿಸುತ್ತ ಬಂದಿದ್ದಾರೆ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೋಟೆ ಬ್ರಿಟಿಷರ ವಶವಾಯಿತು.

ಬಂಡೆಯ ಎತ್ತರ ಸುಮಾರು 1,700 ಅಡಿ. ಹತ್ತಲು ಕಲ್ಲಿನಲ್ಲೇ ಕಡಿದ 1,876 ಮೆಟ್ಟಿಲುಗಳಿವೆ ಎನ್ನುತ್ತಾರೆ. ಕೆಲವು ಕಡೆ ಮೆಟ್ಟಿಲು ಸವೆದು ಇಕ್ಕಟ್ಟಾಗಿದೆ. ಈ ಪ್ರದೇಶ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಗೆ ಹಣ ಕಟ್ಟಿ, ಅವರು ಹೇಳಿದ ಹೊತ್ತಿಗೆ ಇಳಿದು ಬರಬೇಕು. ಮಳೆಗಾಲದಲ್ಲಿ ಬಂಡೆ ಜಾರುವುದರಿಂದ ಹತ್ತಲು ಬಿಡುವುದಿಲ್ಲ.

ಮಳೆ ಬಿಟ್ಟ ಒಂದು ಬೆಳಿಗ್ಗೆ, ಸುಬಹಿ ನಮಾಝ್ ಮುಗಿಸಿ, ಅವಲಕ್ಕಿ ಮತ್ತು ಬಾಳೆಹಣ್ಣು ಕಟ್ಟಿಕೊಂಡು ಎಲ್ಲರೂ ಹೊರಟೆವು. ಇಪ್ಪತ್ತೆರಡು ವರ್ಷಗಳಿಂದ ಬಾವಿಕಟ್ಟೆಯಲ್ಲಿ ನೀರು ಸೇದುವಾಗಲೆಲ್ಲ ಈ ಬೆಟ್ಟವನ್ನು ನೋಡುತ್ತಿದ್ದ ಅಕ್ಕ ಅದರ ಬುಡಕ್ಕೂ ಹೋದವರಲ್ಲ. ಅತ್ತೆಗೆ ಮಂಡಿನೋವು, ಹತ್ತುವಂತಿಲ್ಲ. ನಾನು ಅವರ ಜೊತೆ ಬುಡದಲ್ಲಿ ನೆರಳು ನೋಡಿ ಚಾಪೆ ಹಾಸಿ ಕುಳಿತೆ. ಅಕ್ಕ ಹೋಗಲು ಹಿಂದೆಮುಂದೆ ನೋಡಿದರು. "ಮಾಮಿಯನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಹತ್ತಿ" ಎಂದೆ. ಅತ್ತೆಯೂ, "ಹೋಗು ಮಗಳೇ, ನಾನು ಹತ್ತಲಿಲ್ಲ, ನೀನಾದರೂ ನೋಡಿ ಬಾ" ಎಂದರು.

ಅವರು ಮೇಲಿದ್ದ ಮೂರು ಗಂಟೆ ನನಗೂ ಅತ್ತೆಗೂ ಸಿಕ್ಕಿದ ಬಿಡುವು. ಮದುವೆಯಾಗಿ ಹದಿನೈದು ವರ್ಷಗಳಲ್ಲಿ ಅವರೊಡನೆ ಅಷ್ಟು ಹೊತ್ತು ಕೈಯಲ್ಲಿ ಕೆಲಸವಿಲ್ಲದೆ ಕುಳಿತದ್ದು ಅದೇ ಮೊದಲು. ತಮ್ಮ ಮದುವೆಯ ವರ್ಷ ಗದ್ದೆಗೆ ನೆರೆ ನೀರು ಬಂದದ್ದು, ಎರಡನೆಯ ಮಗು ಹೆರಿಗೆಯಲ್ಲೇ ತೀರಿದ್ದು, ಮುಂಬೈಗೆ ಹೋದ ಮಗ ಮೊದಲ ಸಲ ಕಳುಹಿಸಿದ ಮನಿಯಾರ್ಡರ್ ಎಲ್ಲವನ್ನೂ ಹೇಳಿದರು. ಆ ತೀರಿಹೋದ ಮಗುವಿನ ವಿಷಯ ನನ್ನ ಗಂಡನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಅಕ್ಕ ಇಳಿದು ಬಂದಾಗ ಮುಖ ಕೆಂಪಾಗಿತ್ತು, ಬುರ್ಖಾದ ಅಂಚೆಲ್ಲ ಧೂಳು. ಮೇಲೆ ಹಳೆಯ ಗೋಡೆ, ನೀರಿನ ಕೊಳ ನೋಡಿ ಬಂದರಂತೆ. ನೀರು ಕುಡಿದು ಹೇಳಿದರು: "ಮೇಲಿನಿಂದ ನಮ್ಮ ಮನೆ ಇರುವ ಜಾಗ ಕಾಣುತ್ತದೆ. ಅಂಗೈಯಷ್ಟು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಕೆಲಸ ಎಲ್ಲಿಂದ ಬರುತ್ತದೆ ಮಾರಾಯ್ತಿ!" ಎಲ್ಲರೂ ನಕ್ಕರು. ಆ ರಾತ್ರಿ ಅಣ್ಣತಮ್ಮಂದಿರಿಬ್ಬರೂ ಸೇರಿ ಕುಚ್ಚಿಲಕ್ಕಿ ಗಂಜಿ ಬೇಯಿಸಿ, ಒಣಮೀನು ಸುಟ್ಟು, ತೆಂಗಿನ ಚಟ್ನಿ ಅರೆದರು. ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಅದನ್ನು ಯಾರೂ ಹೇಳಲಿಲ್ಲ. ಮನೆಕೆಲಸದಲ್ಲಿ ಪತ್ನಿಯರಿಗೆ ನೆರವಾಗುವುದು ಪ್ರವಾದಿವರ್ಯರ(ಸ) ರೂಢಿಯಾಗಿತ್ತು ಎಂದು ಕೇಳಿ ಬೆಳೆದ ಗಂಡಸರು ಅದನ್ನು ವರ್ಷಕ್ಕೆ ಒಂದೆರಡು ದಿನವಾದರೂ ಮಾಡಿ ತೋರಿಸಿದರೆ ಮನೆಯ ಗಂಡುಮಕ್ಕಳು ನೋಡಿ ಕಲಿಯುತ್ತಾರೆ.

ಮಲ್ಪೆಯ ಕಡಲು

ಎರಡನೆಯ ತಿರುಗಾಟ ಮಲ್ಪೆಗೆ. ಒಂದು ವ್ಯಾನ್ ಗೊತ್ತುಮಾಡಿ ಕಾರ್ಕಳದ ದಾರಿಯಲ್ಲಿ ಹೋಗಿ ಅಲ್ಲಿ ನಾದಿನಿಯನ್ನೂ ಅವಳ ಮಕ್ಕಳನ್ನೂ ಹತ್ತಿಸಿಕೊಂಡೆವು. ಮಲ್ಪೆಯ ಎದುರಿಗೆ ಕಡಲಿನಲ್ಲಿ ಸೈಂಟ್ ಮೇರೀಸ್ ದ್ವೀಪವಿದೆ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ಕಡಲು ಶಾಂತವಾದ ಮೇಲೆ ಮತ್ತೆ ಶುರುವಾಗುತ್ತದೆ. ಅಲ್ಲಿನ ಬಂಡೆಗಳು ಯಾರೋ ಕೆತ್ತಿ ಜೋಡಿಸಿದ ಕಂಬಗಳ ಹಾಗೆ ಐದಾರು ಮೂಲೆಗಳಿಂದ ಕೂಡಿ ಸಾಲಾಗಿ ನಿಂತಿವೆ. ಭೂಮಿಯೊಳಗಿನ ಕುದಿರಸ ಮೇಲೆ ಬಂದು ತಣಿಯುತ್ತ ಕುಗ್ಗುವಾಗ ಹೀಗೆ ಬಿರುಕು ಬಿಟ್ಟು ಕಂಬಗಳಾಗುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ ಆದದ್ದು ಇದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ಈ ಸಲ ಸರದಿ ಬದಲಾಯಿತು. ನಾನು, ಅಕ್ಕ, ನಾದಿನಿ ಮಕ್ಕಳೊಡನೆ ದೋಣಿ ಹತ್ತಿದೆವು. ಇವರು ತಾಯಿಯ ಜೊತೆ ದಡದಲ್ಲೇ ಉಳಿದರು. ಮಲ್ಪೆಯಲ್ಲಿ ಕಡಲಿನ ಬದಿಗೆ ಕಟ್ಟಿರುವ ಸೀ ವಾಕ್ ಎಂಬ ಕಾಲುದಾರಿ ಮುದುಕರಿಗೆ ಅನುಕೂಲ. ಮರಳಿನಲ್ಲಿ ಕಾಲು ಹೂತುಹೋಗುವ ಕಷ್ಟವಿಲ್ಲ, ಮೆಲ್ಲಗೆ ನಡೆದು ಬೇಕಾದಲ್ಲಿ ಕೂರಬಹುದು. ನಾವು ಮರಳುವಾಗ ತಾಯಿ-ಮಗ ಇಬ್ಬರೂ ಅಲ್ಲಿ ಕುಳಿತು ನೆಲಗಡಲೆ ತಿನ್ನುತ್ತಿದ್ದರು. ಹಿಂದಿನ ವಾರ ಅತ್ತೆಯ ಬಾಯಿಂದ ಕೇಳಿದ ಆ ಮಗುವಿನ ವಿಷಯವನ್ನು ಅವರು ಮಗನಿಗೂ ಹೇಳಿದ್ದರು ಎಂದು ಆಮೇಲೆ ತಿಳಿಯಿತು.

ಮಧ್ಯಾಹ್ನದ ಊಟಕ್ಕೆ ಮೀನೂಟದ ಹೊಟೇಲಿಗೆ ಹೋದೆವು. ಅಕ್ಕ ಬಂಗುಡೆ ಫ್ರೈ ಬಾಯಿಗಿಟ್ಟು, "ಮಸಾಲೆ ನಮ್ಮದಷ್ಟು ಇಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಆದರೆ ಯಾರೋ ಬಡಿಸಿ ತಿನ್ನುವಾಗ ರುಚಿ ಬೇರೆಯೇ" ಎಂದು ಸೇರಿಸಿದರು.

ಬೀಗಿತ್ತಿಯರ ಭೇಟಿ

ಕೊನೆಯ ನಾಲ್ಕು ದಿನ ನನ್ನ ತವರಿಗೆ. ಹೆಣ್ಣುಮಗಳು ಗಂಡನ ಊರಿನಲ್ಲೇ ಎಲ್ಲ ದಿನ ಕಳೆದು ತವರಿಗೆ ಒಂದು ರಾತ್ರಿ ಉಳಿದು ಓಡುವುದು ಸಾಮಾನ್ಯ. ದಿನಗಳನ್ನು ಮೊದಲೇ ಹಂಚಿಟ್ಟುಕೊಂಡದ್ದರಿಂದ ಉಮ್ಮನಿಗೂ ಅವರ ಪಾಲು ಸಿಕ್ಕಿತು. ಈ ಸಲ ಅತ್ತೆಯನ್ನೂ ಅಕ್ಕನನ್ನೂ ಅವರ ಮಕ್ಕಳನ್ನೂ ಜೊತೆಗೇ ಕರೆದುಕೊಂಡು ಹೋದೆ.

ಬೆಳ್ತಂಗಡಿಯಿಂದ ಮಂಗಳೂರಿಗೆ ಸರಕಾರಿ ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಅತ್ತೆ ಗತ್ತಿನಿಂದ ತಮ್ಮ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೇಟು ಪಡೆದರು. ನನ್ನ ಕಾರ್ಡಿನಲ್ಲಿ ಮಹಾರಾಷ್ಟ್ರದ ವಿಳಾಸ ಇದ್ದುದರಿಂದ ನಾನು ಪೂರ್ತಿ ಹಣ ಕೊಡಬೇಕಾಯಿತು. "ನೋಡು, ಈಗ ನೀನೇ ಪರವೂರಿನವಳು" ಎಂದು ಅತ್ತೆ ಬಸ್ಸಿಡೀ ನಗುತ್ತಿದ್ದರು.

ಉಮ್ಮ ಮತ್ತು ಅತ್ತೆ ಭೇಟಿಯಾಗದೆ ಆರು ವರ್ಷಗಳಾಗಿದ್ದವು. ಕೊನೆಯ ಸಲ ಕಂಡದ್ದು ಒಂದು ಮರಣದ ಮನೆಯಲ್ಲಿ. ಮಕ್ಕಳು ದೂರದಲ್ಲಿದ್ದರೆ ಬೀಗರೂ ದೂರವಾಗುತ್ತಾರೆ, ನಡುವೆ ಕೊಂಡಿಯಾಗಿ ಇರುವವರೇ ಊರಿನಲ್ಲಿರುವುದಿಲ್ಲ. ಆ ಎರಡು ದಿನ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ ರಾತ್ರಿಯಿಡೀ ಮಾತಾಡಿದರು. ಒಬ್ಬರದು ಮಂಡಿಯ ಔಷಧಿ, ಇನ್ನೊಬ್ಬರದು ಬಿಪಿಯ ಮಾತ್ರೆ. ಯಾವ ಹೊತ್ತಿಗೆ ಯಾವುದು ಎಂದು ಒಬ್ಬರಿಗೊಬ್ಬರು ನೆನಪಿಸುತ್ತಿದ್ದರು.

ನಡೆಯಲಾಗದ ಇಬ್ಬರು ಹಿರಿಯರನ್ನು ಎಲ್ಲಿಗೆ ಕರೆದೊಯ್ಯುವುದು ಎಂದು ಯೋಚಿಸಿ ಮಂಗಳೂರು ಹೊರವಲಯದ ಪಿಲಿಕುಳವನ್ನು ಆರಿಸಿದೆವು. ಮಕ್ಕಳು ಪ್ರಾಣಿಗಳನ್ನು ನೋಡಲು ಹೋದರು. ಹಿರಿಯರನ್ನು ನಾವು 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಕರೆದೊಯ್ದೆವು. ತಂಪಾದ ಕೋಣೆಯಲ್ಲಿ ಒರಗಿ ಕುಳಿತರೆ ತಲೆಯ ಮೇಲೆ ನಕ್ಷತ್ರಗಳು, ಗ್ರಹಗಳು. ಉಮ್ಮ "ಸುಬ್‌ಹಾನಲ್ಲಾಹ್" ಎಂದು ಮೆಲ್ಲಗೆ ಹೇಳುತ್ತಲೇ ಇದ್ದರು. ಎಪ್ಪತ್ತು ದಾಟಿದ ಇಬ್ಬರು ಹೆಂಗಸರು ನಡೆಯುವ ಶ್ರಮವಿಲ್ಲದೆ ಆಕಾಶವನ್ನೇ ನೋಡಿ ಬಂದರು. ಹಿರಿಯರನ್ನು ಕರೆದೊಯ್ಯುವುದೆಂದರೆ ದರ್ಗಾ ಅಥವಾ ಆಸ್ಪತ್ರೆ ಎಂದಷ್ಟೇ ನಾವು ಅಂದುಕೊಂಡಿರುತ್ತೇವೆ. ಅವರಿಗೂ ಕುತೂಹಲ ಇದೆ, ಕೇಳುವವರು ಇರಬೇಕು.

ಹೊರಡುವ ಮುನ್ನ ಇಷ್ಟು ನೆನಪಿರಲಿ

ಅಕ್ಟೋಬರ್, ನವೆಂಬರ್‌ನಲ್ಲಿ ಕರಾವಳಿಗೆ ಹೋಗುವ ಸಹೋದರಿಯರಿಗೆ ಕೆಲವು ಉಪಯುಕ್ತ ವಿಷಯಗಳು:

* ಹಿಂಗಾರು ಮಳೆ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನೊಂದಿಗೆ ಬರುತ್ತದೆ. ಬೆಟ್ಟ, ಜಲಪಾತ, ದೋಣಿ ಏನಿದ್ದರೂ ಬೆಳಿಗ್ಗೆಯೇ ಮುಗಿಸಿ. ಸಿಡಿಲಿನ ಹೊತ್ತಿನಲ್ಲಿ ಬಯಲಿನಲ್ಲಿ, ಮರದಡಿಯಲ್ಲಿ ನಿಲ್ಲಬಾರದು.

* ಮೇಲೆ ಶಾಂತವಾಗಿ ಕಂಡರೂ ಕಡಲಿನ ಒಳಸೆಳೆತ ಬಲವಾಗಿರುತ್ತದೆ. ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಅದರ ಅರಿವಿರುವುದಿಲ್ಲ. ಕೆಂಪು ಬಾವುಟ ಇರುವಲ್ಲಿ ನೀರಿಗಿಳಿಸಬೇಡಿ, ಜೀವರಕ್ಷಕರ ಮಾತು ಮೀರಬೇಡಿ. ಮಕ್ಕಳ ಮೇಲೆ ಕಣ್ಣಿಡಲು ದೊಡ್ಡವರಲ್ಲಿ ಒಬ್ಬರನ್ನು ಹೆಸರಿಸಿಯೇ ನೇಮಿಸಿ. ಎಲ್ಲರೂ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

* ದಾರಿಯಲ್ಲಿ ಹೆಂಗಸರಿಗೆ ವುಝೂ ಮಾಡಲು, ನಮಾಝಿಗೆ ಜಾಗ ಸಿಗುವುದು ಕಷ್ಟ. ಒಂದು ಬಾಟ್ಲಿ ನೀರು, ಒಂದು ಚಾಪೆ ಜೊತೆಗಿರಲಿ. ಹೆಂಗಸರಿಗೆ ನಮಾಝಿನ ಸೌಕರ್ಯ ಇರುವ ಮಸೀದಿ ದಾರಿಯಲ್ಲಿ ಎಲ್ಲಿದೆ ಎಂದು ಮೊದಲೇ ವಿಚಾರಿಸಿಡಿ. ಪ್ರಯಾಣಿಕರಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸುವ ರಿಯಾಯಿತಿ ಇದೆ. ಎರಡು ನಮಾಝ್‌ಗಳನ್ನು ಒಟ್ಟಿಗೆ ನಿರ್ವಹಿಸುವ ವಿಷಯದಲ್ಲಿ ಕರಾವಳಿಯಲ್ಲಿ ರೂಢಿಯಲ್ಲಿರುವ ಶಾಫಿಈ ಮದ್‌ಹಬ್‌ಗೂ ಹನಫಿ ಮದ್‌ಹಬ್‌ಗೂ ವ್ಯತ್ಯಾಸವಿದೆ. ನಿಮ್ಮ ಪ್ರಯಾಣದ ದೂರ ಮತ್ತು ದಿನಗಳನ್ನು ಹೇಳಿ ಉಸ್ತಾದರಲ್ಲಿ ಕೇಳಿ ತಿಳಿಯಿರಿ.

* ಶೌಚಾಲಯದ ಭಯದಿಂದ ದಿನವಿಡೀ ನೀರು ಕುಡಿಯದಿರುವ ಹೆಂಗಸರು ಬಹಳ. ಇದರಿಂದ ಮೂತ್ರದ ಸೋಂಕು ಬರುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸುವಂತೆ ಚಾಲಕರಿಗೆ ಹೊರಡುವಾಗಲೇ ಹೇಳಿ.

* ಹಿರಿಯರ ಔಷಧಿಯ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಿರುಗಾಟದ ದಿನದ ಮಾತ್ರೆ ಬೇರೆಯಾಗಿ ಕಟ್ಟಿಕೊಳ್ಳಿ.

* ಯಾವ ದಿನ ಊಟಕ್ಕೆ ಇರುತ್ತೀರಿ, ಯಾವ ದಿನ ಇರುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ. ಅಡುಗೆ ಮಾಡಿ ಕಾಯುವುದು ಅಡುಗೆಗಿಂತ ಹೆಚ್ಚು ಆಯಾಸ ತರುತ್ತದೆ.

ಖರ್ಚಿನ ಮಾತು

ಎಲ್ಲರನ್ನೂ ಕರೆದುಕೊಂಡು ಹೋದರೆ ಖರ್ಚು ಹೆಚ್ಚಲ್ಲವೇ ಎಂದು ಹಲವರು ಕೇಳುತ್ತಾರೆ. ಹೆಚ್ಚು ಹೌದು. ನಾವು ಅದಕ್ಕಾಗಿ ತಿರುಗಾಟಗಳನ್ನೇ ಕಡಿಮೆ ಮಾಡಿದೆವು. ಆಗುಂಬೆಯ ಸೂರ್ಯಾಸ್ತ, ಜೋಗದ ಜಲಪಾತ ಪಟ್ಟಿಯಲ್ಲಿದ್ದವು, ಎರಡನ್ನೂ ಬಿಟ್ಟೆವು. ನಾಲ್ಕು ಜನ ಆರು ಜಾಗ ನೋಡುವ ಹಣದಲ್ಲಿ ಹತ್ತು ಜನ ಮೂರು ಜಾಗ ನೋಡಿದೆವು. ಮಕ್ಕಳು ಅದನ್ನು ಕೊರತೆ ಎಂದು ಹೇಳಲಿಲ್ಲ. ಮುಂಬೈಗೆ ಬಂದ ಮೇಲೆ ಅವರು ಗೆಳೆಯರಿಗೆ ಹೇಳಿಕೊಂಡದ್ದು ದೊಡ್ಡಮ್ಮ 1,876 ಮೆಟ್ಟಿಲು ಹತ್ತಿದ ಕಥೆಯನ್ನು.

ಊರಿನ ಮನೆಗಳಲ್ಲಿ ಕಾಯುತ್ತಿರುವ ಹಿರಿಯರಿಗೆ ವರ್ಷಗಳು ಏರುತ್ತಲೇ ಇರುತ್ತವೆ. ಮುಂದಿನ ರಜೆಗೆ ಅವರ ಮಂಡಿ ಇಷ್ಟಾದರೂ ನಡೆಯುತ್ತದೋ, ಕಣ್ಣು ಇಷ್ಟಾದರೂ ಕಾಣುತ್ತದೋ ಅಲ್ಲಾಹನಿಗೇ ಗೊತ್ತು. ಅವರನ್ನು ನೋಡಿಕೊಳ್ಳುತ್ತ ನಮ್ಮ ಪಾಲಿನ ಹೊಣೆಯನ್ನೂ ಹೊತ್ತಿರುವ ಅಕ್ಕ, ಅತ್ತಿಗೆ, ನಾದಿನಿಯರು ಪ್ರತಿ ಊರಿನಲ್ಲೂ ಇದ್ದಾರೆ. ನಾವು ಪರವೂರಿನಲ್ಲಿ ನೆಮ್ಮದಿಯಿಂದ ದುಡಿಯುತ್ತಿರುವುದು ಅವರು ಅಲ್ಲಿ ಇದ್ದಾರೆ ಎಂಬ ಧೈರ್ಯದಲ್ಲಿ. ಅವರಿಗೆ ಸೀರೆ ಕೊಡೋಣ, ಹಲ್ವ ಕೊಡೋಣ. ಅದರ ಜೊತೆಗೆ ನಮ್ಮ ರಜೆಯಲ್ಲಿ ಒಂದೆರಡು ದಿನಗಳನ್ನೂ ಕೊಡೋಣ. ಮುಂದಿನ ಸಲ ಟಿಕೇಟು ತೆಗೆಯುವ ದಿನವೇ ಊರಿಗೆ ಫೋನ್ ಮಾಡಿ ಒಂದು ಮಾತು ಕೇಳಿ ನೋಡಿ: "ಅಕ್ಕಾ, ನಿಮಗೆ ಎಲ್ಲಿಗೆ ಹೋಗಬೇಕೆಂದು ಆಸೆ ಇದೆ?"